ಅದೇ ಧಾಟಿ, ಬೇರೆ ಹಾಡು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕದ ತಾಲೀಮು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. (ಚಂದಾ ಎತ್ತುವವರು ಕೊಬ್ಬರಿಯ ದರ ನೋಡಿಕೊಂಡೇ ಹೊರಡುತ್ತಾರೆ ಎಂಬುದು ಬೇರೆ ಮಾತು.) ಹಾರ್ಮೋನಿಯಂ ಮೇಷ್ಟ್ರು ದುರ್ಯೋಧನನ ಪಾತ್ರಧಾರಿಗೆ ರಾಗದ ಹೆಸರು ಹೇಳುವುದು ಕಡಿಮೆ. ಅವನಿಗೆ ಗೊತ್ತಿರುವ ಇನ್ನೊಂದು ಹಾಡನ್ನು ನೆನಪಿಸಿ ‘ಅದೇ ಧಾಟಿ ಕಣಯ್ಯಾ’ ಎನ್ನುತ್ತಾರೆ. ಹಳೆಯ ನಾಟಕದ ಪುಸ್ತಕಗಳಲ್ಲೂ ಹಾಡಿನ ನೆತ್ತಿಯ ಮೇಲೆ ಮತ್ತೊಂದು ಹಾಡಿನ ಮೊದಲ ಪದಗಳನ್ನು ಕೊಟ್ಟು, ಮುಂದೆ ‘ಎಂಬಂತೆ’ ಎಂದು ಅಚ್ಚು ಹಾಕುತ್ತಿದ್ದರು.

ಆ ಮತ್ತೊಂದು ಹಾಡು ಹಲವು ಸಲ ಉರ್ದುವಿನದು. 1850ರ ದಶಕದಲ್ಲಿ ಲಖನೌದ ಆಗಾ ಹಸನ್ ಅಮಾನತ್ ‘ಇಂದರ್ ಸಭಾ’ ಬರೆದರು. ಪಾರ್ಸಿ ಕಂಪನಿಗಳು ಅದನ್ನೂ ಅದರಂಥ ಇತರ ನಾಟಕಗಳನ್ನೂ ಊರೂರಿಗೆ ಹೊತ್ತು ತಿರುಗಿದವು. ಕನ್ನಡದ ಕಂಪನಿಗಳು ಆ ಮಾತುಗಳನ್ನು ಬಿಟ್ಟು ಮಟ್ಟುಗಳನ್ನು ಇಟ್ಟುಕೊಂಡವು. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ಕಂಪನಿಯೂ ಈ ಪರಂಪರೆಯದೇ. ಮಹಮದ್ ಪೀರರ ಕನ್ನಡಕ್ಕೆ ಪ್ರೇಕ್ಷಕರು ತಲೆದೂಗಿದ್ದು ಇಂಥ ರಂಗಭೂಮಿಯ ಮೇಲೆಯೇ.

ಇದೇ ಪದ್ಧತಿಯನ್ನು ದೂರದ ಜಮೈಕಾದ ರೆಗ್ಗೆ ಗಾಯಕರಲ್ಲೂ ಕಂಡು ನಮಗೆ ಅಚ್ಚರಿಯಾಯಿತು. ಡ್ರಮ್ಮು ಮತ್ತು ಬೇಸ್ ಗಿಟಾರಿನಿಂದ ಕಟ್ಟಿದ ಹಾಡಿನ ತಳಪಾಯಕ್ಕೆ ಅವರು ‘ರಿಡಿಮ್’ ಎನ್ನುತ್ತಾರೆ. ಅದರ ಮೇಲೆ ಹತ್ತಾರು ಮಂದಿ ತಮ್ಮ ತಮ್ಮ ಹಾಡು ಹಾಡುತ್ತಾರೆ. ಒಂದೇ ರಿಡಿಮ್ಮಿನ ಹಾಡುಗಳನ್ನಷ್ಟೇ ಸೇರಿಸಿ 1974ರಲ್ಲಿ ರೂಪಿ ಎಡ್ವರ್ಡ್ಸ್ ‘ಯಮಾಹಾ ಸ್ಕ್ಯಾಂಕ್’ ಎಂಬ ಸಂಕಲನ ತಂದರು. 2002ರಲ್ಲಿ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಕಟ್ಟಿದ, ಚಪ್ಪಾಳೆಯ ಲಯವೇ ಎದ್ದು ಕೇಳುವ ರಿಡಿಮ್ಮಿನ ಹೆಸರಂತೂ ‘ದಿವಾಲಿ’! ಅದರ ಮೇಲೆ ಷಾನ್ ಪಾಲ್ ಹಾಡಿದ ‘ಗೆಟ್ ಬಿಸಿ’ 2003ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ವೇಯ್ನ್ ವಂಡರ್ ಅದೇ ಲಯದ ಮೇಲೆ ಮೆಲುದನಿಯಲ್ಲಿ ಪ್ರೇಮಗೀತೆ ಹಾಡಿದರು. (ಇಂಥ ಸಂಕಲನಗಳ ಎಲ್ಲ ಹಾಡುಗಳನ್ನೂ ಮನೆಮಂದಿಯೊಂದಿಗೆ ಕೂತು ಕೇಳಲು ಸಂಕೋಚವೇ.) ‘ದಿವಾಲಿ’ ಎಂಬ ಪದ ಆ ದ್ವೀಪಕ್ಕೆ ಪರಕೀಯವೇನಲ್ಲ. 1845ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ಭಾರತೀಯರ ಸಂತತಿ ಅಲ್ಲಿದೆ. ಅವರು ಕೊಂಡೊಯ್ದ ಮೊಹರಂ, ಹುಸೇನರ ಹೆಸರಿನಿಂದ ‘ಹೊಸೇ’ ಎನಿಸಿಕೊಂಡು, ಆಫ್ರಿಕಾ ಮೂಲದವರೂ ಸೇರುವ ಹಬ್ಬವಾಯಿತು.

ಒಬ್ಬರ ಧಾಟಿಯಲ್ಲಿ ಇನ್ನೊಬ್ಬರು ಹಾಡಿದರೆ ಕಳ್ಳತನವೆಂದು ನಮಗನ್ನಿಸುವುದಿಲ್ಲ. ಹೆಸರು ಅಳಿಸಿದರೆ ಮಾತ್ರ ಅನ್ಯಾಯ. ಜಮೈಕಾದ ಸಂಕಲನಗಳಲ್ಲಿ ರಿಡಿಮ್ಮಿನ ಹೆಸರೂ ಇರುತ್ತದೆ, ಹಾಡಿದವರ ಹೆಸರುಗಳೂ ಇರುತ್ತವೆ. ನಮ್ಮಲ್ಲಿ ಆ ‘ಎಂಬಂತೆ’ ಎಂಬ ಒಂದು ಸಾಲಷ್ಟೇ ಸಾಕ್ಷಿ. ಉರ್ದುವೂ ಕನ್ನಡವೂ ಒಂದೇ ಹಾರ್ಮೋನಿಯಂ ಮುಂದೆ ಕುಳಿತಿದ್ದವು ಎಂಬುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಹಳ್ಳಿಯಲ್ಲಿ ಎಲ್ಲಿ ಸಿಕ್ಕೀತು?

ತುರುವೇಕೆರೆ ಕಡೆಯ ವಯಸ್ಸಾದ ಮೇಷ್ಟ್ರೊಬ್ಬರನ್ನು ನಾವು ಅಂಥ ಒಂದು ಧಾಟಿಯ ಮೂಲ ಹಾಡು ಹೇಳಿರೆಂದು ಕೇಳಿದ್ದೆವು. ಅವರಿಗೆ ಮೊದಲ ಎರಡು ಉರ್ದು ಪದಗಳಷ್ಟೇ ಗೊತ್ತಿದ್ದವು. ‘ಮುಂದಿನದು ನಮ್ಮ ಗುರುಗಳಿಗೆ ಬರ್ತಿತ್ತು ಸಾಬ್ರೇ’ ಎಂದವರೇ ಉಳಿದದ್ದನ್ನು ಪೆಟ್ಟಿಗೆಯ ಮೇಲೆ ನುಡಿಸಿಬಿಟ್ಟರು.