ಆಡದೇ ಮುಗಿದ ಏಷ್ಯನ್ ಫುಟ್ಸಾಲ್

ಏಷ್ಯಾದ ರಾಷ್ಟ್ರೀಯ ತಂಡಗಳ ಫುಟ್ಸಾಲ್ ಚಾಂಪಿಯನ್‌ಷಿಪ್ 1999ರಲ್ಲಿ ಮಲೇಷ್ಯಾದಲ್ಲಿ ಶುರುವಾಯಿತು. 2018ರವರೆಗೆ ಹದಿನೈದು ಬಾರಿ ನಡೆದ ಈ ಪಂದ್ಯಾವಳಿಯನ್ನು ಇರಾನ್ ಹನ್ನೆರಡು ಸಲ, ಜಪಾನ್ ಮೂರು ಸಲ ಗೆದ್ದವು. ಹದಿನಾರನೆಯದು 2020ರ ಫೆಬ್ರುವರಿ ಕೊನೆಯಲ್ಲಿ ತುರ್ಕಮೆನಿಸ್ತಾನದ ಅಶ್ಗಾಬಾದ್‌ನಲ್ಲಿ ಆರಂಭವಾಗಬೇಕಿತ್ತು. ವಲಯವಾರು ಅರ್ಹತಾ ಪಂದ್ಯಗಳು 2019ರಲ್ಲೇ ಮುಗಿದು ಹದಿನಾರು ತಂಡಗಳು ಸಿದ್ಧವಾಗಿದ್ದವು. ಆದರೆ ಅಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ.

ಒಳಾಂಗಣ ಫುಟ್ಬಾಲ್ ಆದ ಈ ಫುಟ್ಸಾಲ್ ಹುಟ್ಟಿದ್ದು ಉರುಗ್ವೆಯಲ್ಲಿ. ಅಲ್ಲಿನ ರಾಜಧಾನಿ ಮೊಂಟೆವಿಡಿಯೊ 1930ರಲ್ಲಿ ಮೊದಲ ವಿಶ್ವಕಪ್ ಫುಟ್ಬಾಲ್ ನಡೆಸಿತು, ಕಪ್ಪೂ ಅದೇ ದೇಶದ ಪಾಲಾಯಿತು. ಊರಿನ ಮಕ್ಕಳಿಗೆಲ್ಲ ಫುಟ್ಬಾಲ್ ಹುಚ್ಚು ಹಿಡಿದಿದ್ದರೂ ಆಡಲು ಮೈದಾನಗಳು ಸಾಲುತ್ತಿರಲಿಲ್ಲ. ಅಲ್ಲಿನ ವೈಎಂಸಿಎಯಲ್ಲಿ ಶಿಕ್ಷಕರಾಗಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ, ಮಕ್ಕಳು ಒಳಾಂಗಣದಲ್ಲೇ ಆಡುವಂತೆ ಹೊಸ ನಿಯಮಗಳನ್ನು ಬರೆದರು. ತಂಡಕ್ಕೆ ಐವರು ಎಂಬುದನ್ನೂ ನಲವತ್ತು ನಿಮಿಷದ ಅವಧಿಯನ್ನೂ ಬಾಸ್ಕೆಟ್‌ಬಾಲ್‌ನಿಂದ ಪಡೆದರು. ಅಂಕಣ ಮತ್ತು ಗೋಲಿನ ಅಳತೆ ಹ್ಯಾಂಡ್‌ಬಾಲ್‌ನಿಂದ ಬಂತು, ಗೋಲ್‌ಕೀಪರನ ಕಟ್ಟುಪಾಡು ವಾಟರ್‌ಪೋಲೊದಿಂದ. ಹೀಗೆ ನಾಲ್ಕು ಆಟಗಳಿಂದ ಹೊಲಿದ ಕೌದಿ ಇದು. ಭಾರತಕ್ಕೆ ವಾಲಿಬಾಲ್ ತಂದದ್ದೂ ವೈಎಂಸಿಎಯೇ. ಆ ಆಟ ಹಳ್ಳಿಹಳ್ಳಿಗೆ ಹಬ್ಬಿತು. ಫುಟ್ಸಾಲ್ ಮಾತ್ರ ದಶಕಗಟ್ಟಲೆ ದಕ್ಷಿಣ ಅಮೆರಿಕದಲ್ಲೇ ಬೆಳೆಯಿತು.

ಅಂತರರಾಷ್ಟ್ರೀಯ ಅಂಕಣ ಸಾಮಾನ್ಯವಾಗಿ 40 ಮೀಟರ್ ಉದ್ದ, 20 ಮೀಟರ್ ಅಗಲ. ಪುರುಷರ ಕಬಡ್ಡಿ ಅಂಕಣ 13ಕ್ಕೆ 10 ಮೀಟರ್ ಆದ್ದರಿಂದ ಅಂಥ ಆರು ಅಂಕಣಗಳು ಇದರೊಳಗೆ ಹಿಡಿಸುವಷ್ಟು ಜಾಗ ಇಲ್ಲಿದೆ. ಅದೇ ಪೂರ್ಣ ಪ್ರಮಾಣದ ಫುಟ್ಬಾಲ್ ಮೈದಾನದ ಪಕ್ಕದಲ್ಲಿಟ್ಟರೆ ಇದು ಸುಮಾರು ಒಂಬತ್ತರಲ್ಲಿ ಒಂದು ಪಾಲಷ್ಟೇ. ಚೆಂಡು ಚಿಕ್ಕದು, ಹೆಚ್ಚು ಪುಟಿಯುವುದೂ ಇಲ್ಲ. ಚೆಂಡು ಆಟದಿಂದ ಹೊರಹೋದರೆ ಗಡಿಯಾರ ನಿಲ್ಲುವುದರಿಂದ ಇಪ್ಪತ್ತು ನಿಮಿಷದ ಅವಧಿ ಎಂದರೆ ಇಪ್ಪತ್ತು ನಿಮಿಷದ ನಿಜವಾದ ಆಟ. ಬದಲಿ ಆಟಗಾರರು ಎಷ್ಟು ಸಲವಾದರೂ ಒಳಹೊರಗೆ ಓಡಾಡಬಹುದು. ಅವಧಿಯೊಂದರಲ್ಲಿ ತಂಡ ಆರನೆಯ ಫೌಲ್ ಮಾಡಿದರೆ ಎದುರಾಳಿಗೆ ಆಟಗಾರರ ಗೋಡೆ ಅಡ್ಡವಿಲ್ಲದ ನೇರ ಒದೆತ ಸಿಗುತ್ತದೆ. ಎತ್ತಿ ಒಗೆಯುವ ಆಟಕ್ಕೆ ಇಲ್ಲಿ ಬೆಲೆ ಇಲ್ಲ. ಅಂಗಾಲಡಿ ಚೆಂಡನ್ನು ಒತ್ತಿ ಹಿಡಿದು, ಮೈ ತಿರುಗಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಸಬೇಕು.

ಆಡಳಿತದ ಚರಿತ್ರೆ ಆಟದಷ್ಟು ಸೊಗಸಾಗಿಲ್ಲ. 1971ರಲ್ಲಿ ಬ್ರೆಜಿಲ್‌ನಲ್ಲಿ ಫಿಫುಸಾ ಎಂಬ ಪ್ರತ್ಯೇಕ ಒಕ್ಕೂಟ ಹುಟ್ಟಿ 1982ರಲ್ಲಿ ಸಾವೊ ಪಾಲೊದಲ್ಲಿ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಆಟದ ಹೆಸರಿನಲ್ಲಿ ಫುಟ್ಬಾಲ್ ಎಂಬ ಪದ ಬಳಸಕೂಡದೆಂದು ಫಿಫಾ ತಕರಾರು ತೆಗೆದಾಗ ಫಿಫುಸಾ ‘ಫುಟ್ಸಾಲ್’ ಎಂಬ ಮೊಟಕು ಹೆಸರನ್ನು ಮುಂದಿಟ್ಟಿತು. ಮುಂದೆ ಆ ಹೆಸರೂ ಫಿಫಾದ ಕೈ ಸೇರಿದ್ದು ಈ ಜಗಳದ ತಮಾಷೆ. 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಫಿಫಾ ತನ್ನದೇ ಫುಟ್ಸಾಲ್ ವಿಶ್ವಕಪ್ ಆರಂಭಿಸಿತು. ಫಿಫುಸಾದ ವಾರಸುದಾರ ಸಂಸ್ಥೆ ಎಎಂಎಫ್ ಈಗಲೂ ಬೇರೆಯಾಗಿಯೇ ನಡೆಯುತ್ತಿದೆ.

ಫಿಫಾ ವಿಶ್ವಕಪ್‌ಗೆ ಏಷ್ಯಾದ ದಾರಿ ಈ ಏಷ್ಯನ್ ಚಾಂಪಿಯನ್‌ಷಿಪ್. ಇರಾನ್‌ಗೆ ಪ್ರಶಸ್ತಿ ಮುಖ್ಯವಾದರೆ ಮಧ್ಯಮ ಬಲದ ತಂಡಗಳಿಗೆ ವಿಶ್ವಕಪ್ ಟಿಕೆಟ್ಟೇ ಮುಖ್ಯ. 2016ರಲ್ಲಿ ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. 2012 ಮತ್ತು 2014ರ ಚಾಂಪಿಯನ್ ಜಪಾನ್ ಎಂಟರ ಘಟ್ಟದಲ್ಲಿ ವಿಯೆಟ್ನಾಂ ಎದುರು 4-4ರಲ್ಲಿ ಸಿಲುಕಿ ಪೆನಾಲ್ಟಿಯಲ್ಲಿ ಸೋತಿತು. ಕೊನೆಯ ಟಿಕೆಟ್‌ಗಾಗಿ ಮತ್ತೆ ಕಣಕ್ಕಿಳಿದಾಗ ಕಿರ್ಗಿಸ್ತಾನ 6-2ರಿಂದ ಬಡಿಯಿತು. ಜಪಾನ್‌ಗೆ ವಿಶ್ವಕಪ್ ತಪ್ಪಿತು, ವಿಯೆಟ್ನಾಂ ಮೊದಲ ಬಾರಿಗೆ ಅಲ್ಲಿಗೆ ಕಾಲಿಟ್ಟಿತು. ಹಳೆಯ ದಾಖಲೆ ನೋಡಿ ಟಿಕೆಟ್ ಹಂಚಿದ್ದರೆ ಇಂಥದ್ದು ಎಂದೂ ಆಗುತ್ತಿರಲಿಲ್ಲ.

ಮುಂದಿನ ವಿಶ್ವಕಪ್‌ಗೆ ಟಿಕೆಟ್ ಹಂಚಬೇಕಾಗಿ ಬಂದದ್ದು ಹಾಗೆಯೇ. ಕೊರೊನಾ ಸೋಂಕು ಹರಡತೊಡಗಿದಾಗ ಅಶ್ಗಾಬಾದ್ ಪಂದ್ಯಾವಳಿ ಆಗಸ್ಟ್‌ಗೆ, ಅಲ್ಲಿಂದ ಡಿಸೆಂಬರ್‌ಗೆ ಸರಿಯಿತು. ಆಮೇಲೆ ಆತಿಥ್ಯ ಕುವೈತ್‌ಗೆ ಹೋಯಿತು, ದಿನಾಂಕ ಮತ್ತೆ ಮುಂದಕ್ಕೆ ಹೋಯಿತು. 2021ರ ಜನವರಿಯಲ್ಲಿ ಏಷ್ಯನ್ ಫುಟ್ಬಾಲ್ ಒಕ್ಕೂಟ ಪಂದ್ಯಾವಳಿಯನ್ನೇ ರದ್ದು ಮಾಡಿತು. ಲಿಥುವೇನಿಯಾದ ವಿಶ್ವಕಪ್ ಕೂಡ ಒಂದು ವರ್ಷ ತಡವಾಗಿ 2021ರ ಸೆಪ್ಟೆಂಬರ್‌ಗೆ ನಿಗದಿಯಾಗಿತ್ತು. ಅಷ್ಟರೊಳಗೆ ಏಷ್ಯಾದ ಐದು ಹೆಸರು ಕೊಡಬೇಕಿತ್ತು.

ಒಕ್ಕೂಟ ಹಿಂದಿನ ಚಾಂಪಿಯನ್‌ಷಿಪ್‌ಗಳ ಸಾಧನೆ ನೋಡಿ ಇರಾನ್, ಜಪಾನ್, ಉಜ್ಬೇಕಿಸ್ತಾನಗಳನ್ನು ನೇರವಾಗಿ ಆರಿಸಿತು. ಉಳಿದೆರಡು ಸ್ಥಾನಗಳಿಗೆ ಥಾಯ್ಲೆಂಡ್, ಇರಾಕ್, ವಿಯೆಟ್ನಾಂ, ಲೆಬನಾನ್ 2021ರ ಮೇ ತಿಂಗಳಲ್ಲಿ ಯುಎಇಯಲ್ಲಿ ಸೆಣಸಿದವು. ಥಾಯ್ಲೆಂಡ್ ಇರಾಕನ್ನು ಸೋಲಿಸಿತು. ವಿಯೆಟ್ನಾಂ–ಲೆಬನಾನ್ ಮೊದಲ ಪಂದ್ಯ 0-0, ಎರಡನೆಯದು 1-1. ಎರಡೂ ಮೂರನೆಯ ದೇಶದಲ್ಲೇ ನಡೆದಿದ್ದರೂ ಕಾಗದದ ಮೇಲೆ ಎರಡನೆಯ ಪಂದ್ಯದ ಆತಿಥೇಯ ಲೆಬನಾನ್. ಹಾಗಾಗಿ ‘ಪರಸ್ಥಳದ ಗೋಲು’ ಹೊಡೆದ ಲೆಕ್ಕದಲ್ಲಿ ವಿಯೆಟ್ನಾಂ ಮುಂದೆ ಹೋಯಿತು, ಒಂದೂ ಪಂದ್ಯ ಸೋಲದ ಲೆಬನಾನ್ ಮನೆಗೆ ಮರಳಿತು. ಆದರೂ ಅದಕ್ಕೆ ಎರಡು ಪಂದ್ಯವಾದರೂ ಸಿಕ್ಕಿತ್ತು. ಬಹರೇನ್, ಇಂಡೊನೇಷ್ಯಾ, ತಜಿಕಿಸ್ತಾನ, ಕಿರ್ಗಿಸ್ತಾನಗಳಂಥ ತಂಡಗಳು 2019ರಲ್ಲಿ ಗೆದ್ದು ಪಡೆದ ಅರ್ಹತೆಗೆ ಅಷ್ಟೂ ಬೆಲೆ ಬರಲಿಲ್ಲ. ರದ್ದತಿಯ ನಿಜವಾದ ನಷ್ಟ ಇವರದ್ದು.

ಹಾಗೆಂದು ಆಯ್ಕೆ ತಪ್ಪಾಗಿತ್ತು ಎನ್ನಲಾಗದು. ಏಷ್ಯಾದ ಐದೂ ತಂಡಗಳು ವಿಶ್ವಕಪ್‌ನ ಗುಂಪು ಹಂತ ದಾಟಿದವು. ಇರಾನ್ ಮತ್ತು ಉಜ್ಬೇಕಿಸ್ತಾನ ಪರಸ್ಪರ ಎದುರಾದ ಹದಿನಾರರ ಘಟ್ಟದ ಪಂದ್ಯದಲ್ಲಿ ಹದಿನೇಳು ಗೋಲು ಬಂದು ಇರಾನ್ 9-8ರಿಂದ ಗೆದ್ದಿತು. ಓಷಿಯಾನಿಯಾದಲ್ಲೂ ಪಂದ್ಯಾವಳಿ ನಡೆಯದೆ ಸೊಲೊಮನ್ ದ್ವೀಪಗಳ ತಂಡ ನಾಮನಿರ್ದೇಶನದಿಂದಲೇ ಲಿಥುವೇನಿಯಾ ತಲುಪಿ, ಮೂರೂ ಪಂದ್ಯ ಸೋತಿತು. ಕಪ್ ಪೋರ್ಚುಗಲ್‌ಗೆ ಹೋಯಿತು. ಸೋಂಕು ಹಬ್ಬುವ ಮೊದಲೇ, 2020ರ ಆರಂಭದಲ್ಲಿ ದಕ್ಷಿಣ ಅಮೆರಿಕ ಮತ್ತು ಆಫ್ರಿಕಾ ತಮ್ಮ ಪಂದ್ಯಗಳನ್ನು ಮುಗಿಸಿದ್ದವು. ಕೆಲವೇ ವಾರಗಳ ಅಂತರದಲ್ಲಿ ಏಷ್ಯಾ ಸಿಕ್ಕಿಬಿದ್ದಿತು.

ಮಹಿಳೆಯರ ಏಷ್ಯನ್ ಫುಟ್ಸಾಲ್‌ಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. 2015 ಮತ್ತು 2018ರಲ್ಲಿ ಇರಾನ್ ಗೆದ್ದ ಆ ಪಂದ್ಯಾವಳಿ ಮತ್ತೆ ನಡೆದದ್ದು 2025ರಲ್ಲಿ, ಚೀನಾದಲ್ಲಿ. ಪುರುಷರದ್ದು ‘ಏಷ್ಯನ್ ಕಪ್’ ಎಂಬ ಹೊಸ ಹೆಸರಿನಲ್ಲಿ 2022ರಲ್ಲೇ ಕುವೈತ್‌ನಲ್ಲಿ ಮರಳಿ, ಜಪಾನ್ ಇರಾನನ್ನು 3-2ರಿಂದ ಸೋಲಿಸಿತ್ತು. ಮಹಿಳೆಯರು ಏಳು ವರ್ಷ ಕಾದರು.

ರದ್ದಾದ 2020ರ ಪಂದ್ಯಾವಳಿಯ ಹದಿನಾರು ತಂಡಗಳಲ್ಲಿ ಭಾರತ ಇರಲೇ ಇಲ್ಲ. ಭಾರತದ ಬಹುಜನರಿಗೆ ಫುಟ್ಸಾಲ್ ಪರಿಚಯವಾದದ್ದು 2016ರ ಪ್ರೀಮಿಯರ್ ಫುಟ್ಸಾಲ್ ಲೀಗ್‌ನಿಂದ. ರೊನಾಲ್ಡಿನೊ, ಗಿಗ್ಸ್ ಅಂಥವರು ಬಂದರು; ಬೆಂಗಳೂರು ತಂಡಕ್ಕೆ ಪಾಲ್ ಸ್ಕೋಲ್ಸ್ ಆಡಿದರು. 2017ರಲ್ಲಿ ಆ ತಂಡದ ಒಡೆತನದಲ್ಲಿ ಪುನೀತ್ ರಾಜ್‌ಕುಮಾರ್ ಕೈಜೋಡಿಸಿದರು, ಕೆಲವು ಪಂದ್ಯಗಳು ಬೆಂಗಳೂರಿನಲ್ಲೂ ನಡೆದವು. ಆದರೆ ಅಖಿಲ ಭಾರತ ಫುಟ್ಬಾಲ್ ಒಕ್ಕೂಟ ಈ ಲೀಗ್‌ಗೆ ಮಾನ್ಯತೆ ಕೊಡಲಿಲ್ಲ, ಮೂರನೆಯ ಆವೃತ್ತಿ ಬರಲಿಲ್ಲ. ಹೊರಗಿನ ತಾರೆಯರನ್ನು ಕರೆಸಿ ಆಟ ಬೆಳೆಸುವ ದಾರಿ ಅಲ್ಲಿಗೆ ಮುಗಿಯಿತು. ಒಕ್ಕೂಟ 2021ರಲ್ಲಿ ದೆಹಲಿಯಲ್ಲಿ ತನ್ನದೇ ಕ್ಲಬ್ ಚಾಂಪಿಯನ್‌ಷಿಪ್ ಆರಂಭಿಸಿತು. 2023ರ ಅಕ್ಟೋಬರ್‌ನಲ್ಲಿ ಭಾರತ ತಂಡ ತಜಿಕಿಸ್ತಾನದ ದುಶಾಂಬೆಯಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿಗೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಕುವೈತ್‌ನ ಅರ್ಹತಾ ಸುತ್ತಿನಲ್ಲಿ ಮಂಗೋಲಿಯಾವನ್ನು 3-0ರಿಂದ ಸೋಲಿಸಿತು.

ಬೆಂಗಳೂರಿನಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ‘ಟರ್ಫ್’ಗಳ ಆಟವನ್ನು ಜನ ಫುಟ್ಸಾಲ್ ಎಂದೇ ಕರೆಯುತ್ತಾರೆ. ಕೃತಕ ಹುಲ್ಲು, ಸುತ್ತ ಬಲೆ, ಮಾಮೂಲಿ ಚೆಂಡು ಇರುವ ಆ ಆಟ ಫುಟ್ಸಾಲ್‌ನ ದಾಯಾದಿ ಮಾತ್ರ. ಕುಸ್ತಿ, ಕಬಡ್ಡಿ, ಖೋಖೋಗಳಲ್ಲಿ ಪಳಗಿದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಶಾಲೆ ಕಾಲೇಜುಗಳು ಈ ಆಟ ಶುರುಮಾಡಲು ಟರ್ಫ್ ಬರುವವರೆಗೆ ಕಾಯಬೇಕಿಲ್ಲ, ಸಮತಟ್ಟಾದ ಗಟ್ಟಿ ನೆಲ ಸಾಕು. ಹ್ಯಾಂಡ್‌ಬಾಲ್ ಅಂಕಣವೂ 40ಕ್ಕೆ 20 ಮೀಟರೇ, ಅದರ ಗೋಲೂ 3 ಮೀಟರ್ ಅಗಲ, 2 ಮೀಟರ್ ಎತ್ತರ. ಹ್ಯಾಂಡ್‌ಬಾಲ್ ಗೆರೆ ಎಳೆದ ಕಡೆ ಕೊಳ್ಳಬೇಕಾದದ್ದು ಹೆಚ್ಚು ಪುಟಿಯದ ಒಂದು ಚೆಂಡು.