ಪಿ. ಜೆ. ಮೆಕಾಲ್: ದಂಗೆಯಾಗಿ ನೂರು ವರ್ಷಕ್ಕೆ ಹುಟ್ಟಿದ ಲಾವಣಿ

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ಎದ್ದ 1798ರ ದಂಗೆಯ ಮಾತು ಬಂದಲ್ಲೆಲ್ಲ 'ಬೂಲವೋಗ್' ಎಂಬ ಲಾವಣಿಯೂ ಬರುತ್ತದೆ. ವೆಕ್ಸ್‌ಫರ್ಡ್ ಸೀಮೆಯವರಿಗೆ ಅದು ನಾಡಗೀತೆಯೇ ಸರಿ. ಹರ್ಲಿಂಗ್ ಪಂದ್ಯಗಳಲ್ಲಿ ಜನ ದನಿಗೂಡಿಸಿ ಹಾಡುತ್ತಾರೆ. ದಂಗೆಯ ಕಾಲದಲ್ಲೇ ಹುಟ್ಟಿದ ಜನಪದ ಹಾಡು ಅದೆಂದು ನಂಬಿದವರೂ ಇದ್ದಾರೆ. ಆದರೆ ಅದನ್ನು ಬರೆದವನು ಡಬ್ಲಿನ್‌ನ ಪ್ಯಾಟ್ರಿಕ್ ಜೋಸೆಫ್ ಮೆಕಾಲ್ (1861–1919). ಬರೆದದ್ದು 1898ರಲ್ಲಿ, ದಂಗೆಯ ಶತಮಾನೋತ್ಸವದ ಹೊತ್ತಿಗೆ.

ಮೆಕಾಲ್‌ನ ತಂದೆ ಪ್ಯಾಟ್ರಿಕ್ ಸ್ಟ್ರೀಟ್‌ನಲ್ಲಿ ದಿನಸಿ ಮತ್ತು ಮದ್ಯದ ಅಂಗಡಿ ಇಟ್ಟಿದ್ದ. ಕವಿ ಮ್ಯಾಂಗನ್‌ನ ಜೀವನಚರಿತ್ರೆಯನ್ನೂ ಬರೆದಿದ್ದ. ತಂದೆಯ ಮೂಲ ಕಾರ್ಲೋ, ತಾಯಿಯ ತವರು ವೆಕ್ಸ್‌ಫರ್ಡ್‌ನ ರಥಾಂಗನ್. ಬೇಸಿಗೆಯಲ್ಲಿ ತಾಯಿಯ ಸೀಮೆಗೆ ಹೋಗುತ್ತಿದ್ದ ಮೆಕಾಲ್ ಅಲ್ಲಿ ಹಳೆಯ ಹಾಡುಗಳನ್ನೂ ಮಟ್ಟುಗಳನ್ನೂ ಕಲೆಹಾಕಿದ. 1580ರ ಗ್ಲೆನ್‌ಮಲೂರ್ ಕದನವನ್ನು ಕುರಿತ 'ಫಾಲೋ ಮಿ ಅಪ್ ಟು ಕಾರ್ಲೋ', 1798ರ ದಂಗೆಯಲ್ಲಿ ನ್ಯೂ ರಾಸ್ ಎಂಬಲ್ಲಿ ಹೋರಾಡಿದ ಜಾನ್ ಕೆಲ್ಲಿಯ ಹಾಡು, ಎರಡೂ ಆತನವೇ.

'ಬೂಲವೋಗ್'ನ ನಾಯಕ ಪಾದ್ರಿ ಜಾನ್ ಮರ್ಫಿ. ಮೊದಮೊದಲು ಈತ ಬಂಡಾಯಗಾರನಲ್ಲ. ಆಯುಧ ಒಪ್ಪಿಸಿ ಶಾಂತವಾಗಿರಿ ಎಂದು ತನ್ನ ಜನರಿಗೆ ಬುದ್ಧಿ ಹೇಳಿದವನು. ಸರ್ಕಾರಿ ಪಡೆಗಳ ದಬ್ಬಾಳಿಕೆ ಮಿತಿಮೀರಿದಾಗ, ಮೇ 26ರಂದು, ಹ್ಯಾರೋ ಎಂಬಲ್ಲಿ ತಿರುಗಿಬಿದ್ದ. ಮರುದಿನ ಔಲರ್ಟ್ ಗುಡ್ಡದಲ್ಲಿ ಭರ್ಜಿ ಹಿಡಿದ ರೈತರು ನಾರ್ತ್ ಕಾರ್ಕ್ ಮಿಲಿಷಿಯಾದ ತುಕಡಿಯನ್ನು ಸದೆಬಡಿದರು. ಜೂನ್ 21ಕ್ಕೆ ವಿನೆಗರ್ ಹಿಲ್‌ನಲ್ಲಿ ದಂಗೆಕೋರರಿಗೆ ಸೋಲಾಯಿತು. ಜುಲೈ ಮೊದಲಲ್ಲಿ ಟಲ್ಲೋ ಊರಿನ ಸಂತೆಮಾಳದಲ್ಲಿ ಮರ್ಫಿಯನ್ನು ನೇಣಿಗೇರಿಸಿ, ತಲೆ ಕಡಿದು, ದೇಹವನ್ನು ಡಾಂಬರಿನ ಪೀಪಾಯಿಯಲ್ಲಿ ಸುಟ್ಟರು. ಲಾವಣಿ ಹಿಡಿಯುವುದು ಕಿಚ್ಚೆದ್ದ ದಿನದಿಂದ ಚಿತೆಯವರೆಗಿನ ಕಥೆಯನ್ನು, ಊರೂರಿನ ಹೆಸರು ಹೇಳುತ್ತ. ಅದಕ್ಕೂ ಮುಂಚಿನ ಪಾದ್ರಿಯ ಹಿಂಜರಿಕೆಗೆ ಅದರಲ್ಲಿ ಜಾಗವಿಲ್ಲ. ನನಗೆ ಮುಖ್ಯವೆನಿಸುವುದು ಈ ಮೌನವೇ.

ಏಕೆಂದರೆ ಇದು ಮೆಕಾಲ್ ಒಬ್ಬನ ಆಯ್ಕೆಯಲ್ಲ. ಫ್ರಾನ್ಸಿಸ್ಕನ್ ಪಾದ್ರಿ ಪ್ಯಾಟ್ರಿಕ್ ಕವಾನಾ 1870ರಲ್ಲಿ ಬರೆದ ಇತಿಹಾಸವು ದಂಗೆಯ ಮುಂಚೂಣಿಯಲ್ಲಿ ಪಾದ್ರಿಗಳನ್ನೇ ನಿಲ್ಲಿಸಿತ್ತು. ಶತಮಾನೋತ್ಸವದ ಜನಮನಸ್ಸು ಅದನ್ನೇ ನಂಬಿತ್ತು. ಯುನೈಟೆಡ್ ಐರಿಷ್‌ಮೆನ್ ಎಂಬ ಕ್ರಾಂತಿಕಾರಿ ಸಂಘಟನೆ ವೆಕ್ಸ್‌ಫರ್ಡ್‌ನಲ್ಲಿ ಮೊದಲೇ ಬೇರೂರಿತ್ತೆಂದು ಕೆವಿನ್ ವೀಲನ್‌ರಂಥ ಇತಿಹಾಸಕಾರರು ವಾದಿಸಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಾಡು ನಾಲಿಗೆಗೆ ಅಂಟಿಕೊಂಡಿತ್ತು.

ದಂಗೆಕೋರರನ್ನು ಹಾಡಿದ ಮೆಕಾಲ್ ತಾನು ನಂಬಿದ್ದು ಮತಪೆಟ್ಟಿಗೆಯನ್ನು. 1902ರಲ್ಲಿ ಡಬ್ಲಿನ್ ನಗರಸಭೆಗೆ ಆತ ಗೆದ್ದಾಗ ಸೋತವರಲ್ಲಿ ಜೇಮ್ಸ್ ಕಾನೊಲಿಯೂ ಇದ್ದ. 1916ರ ಬಂಡಾಯದ ನಂತರ ಮರಣದಂಡನೆಗೆ ಗುರಿಯಾಗಿ ಗುಂಡಿಗೆ ಬಲಿಯಾದದ್ದು ಅದೇ ಕಾನೊಲಿ.

1798ನ್ನು ಅರಿಯಲು 'ಬೂಲವೋಗ್' ಓದುವವರು ಅದನ್ನು 1898ರ ದಾಖಲೆಯೆಂದೇ ಓದಬೇಕು. ಹಾಡುವವರಲ್ಲಿ ನನ್ನ ಕೋರಿಕೆ ಒಂದೇ: 'ಜನಪದ' ಎಂದು ಬರೆಯುವ ಜಾಗದಲ್ಲಿ ಮೆಕಾಲ್‌ನ ಹೆಸರು ಹಾಕಿ.