ಬರೆಯುವ ಹಲಗೆ, ಓದುವ ಹಲಗೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆ ಬಿ.ಕಾಂ. ತರಗತಿಯಲ್ಲಿ ಓದುತ್ತಾಳೆ, ಹಳ್ಳಿಯಿಂದ ಕಾಲೇಜಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುತ್ತಾಳೆ. ಕಂಪ್ಯೂಟರಿಗೆ ಕ್ರಮವಿಧಿ ಬರೆಯುವುದು, ಈಗಿನವರ ಮಾತಿನಲ್ಲಿ ಕೋಡಿಂಗ್, ಅವಳ ಪಾಠಪಟ್ಟಿಯಲ್ಲಿಲ್ಲ. ಅದು ಅವಳಿಗೆ ತಾನಾಗಿ ಹತ್ತಿದ ಹವ್ಯಾಸ. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಎಂಟು ಸಾವಿರ ರೂಪಾಯಿ ಕೈಯಲ್ಲಿತ್ತು. “ಬಸ್ಸಿನಲ್ಲಿ ಕೂತು ಕೋಡ್ ಬರೆಯೋದಕ್ಕೆ ಯಾವ ಟ್ಯಾಬ್ಲೆಟ್ ತೊಗೊಳ್ಳಲಿ, ಸಾರ್?” ಎಂದು ಕೇಳಿದಳು.

ಶಬ್ದಮಣಿದರ್ಪಣದ ಸೂತ್ರವೊಂದನ್ನು ಕೇಳಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ. ಇದಕ್ಕೆ ಒಂದು ವಾರದ ಗಡುವು ಬೇಡಿದೆ. ಆ ಹಣ ಅವಳ ಒಂದು ವರ್ಷದ ದುಡಿಮೆ. ನನ್ನ ಮಾತು ತಪ್ಪಿದರೆ ಅವಳು ಇನ್ನೊಂದು ವರ್ಷ ಕಾಯಬೇಕು. ಆ ವಾರ ಓದಿ ತಿಳಿದ ಚರಿತ್ರೆಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಪಂಡಿತನಾದವನು ಪದದಿಂದಲೇ ಹೊರಡುವುದು ರೂಢಿ. ಟ್ಯಾಬ್ಲೆಟ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ‘ತಬುಲಾ’. ಅದರ ಅರ್ಥ ಹಲಗೆ. ರೋಮಿನ ಹುಡುಗರು ಮೇಣ ಬಳಿದ ಹಲಗೆಯ ಮೇಲೆ ಲೇಖನಿಯ ಮೊನೆಯಿಂದ ಕೊರೆದು ಬರೆಯುತ್ತಿದ್ದರು. ಅದೇ ಲೇಖನಿಯ ಚಪ್ಪಟೆಯಾದ ತುದಿಯಿಂದ ಒರೆಸಿ ಮತ್ತೆ ಬರೆಯುತ್ತಿದ್ದರು. ನಮ್ಮಲ್ಲಿ ಕಡತವಿತ್ತು. ಇಂದು ಕಚೇರಿಯ ಫೈಲಿಗೆ ಆ ಹೆಸರು ನಿಂತಿದೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿಟ್ಟ ಕಪ್ಪು ಪುಸ್ತಕ. ಶಾನುಭೋಗರೂ ವರ್ತಕರೂ ಬಳಪದಿಂದ ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಓಲೆಗರಿಯಲ್ಲಿ ಒಮ್ಮೆ ಕೊರೆದುದನ್ನು ಅಳಿಸುವುದು ಕಷ್ಟ. ಕಡತದಲ್ಲಿ ತಪ್ಪನ್ನು ಒರೆಸಬಹುದು, ತಿದ್ದಬಹುದು, ಕಂಕುಳಲ್ಲಿ ಇಟ್ಟುಕೊಂಡು ಊರಿಂದೂರಿಗೆ ಹೋಗಬಹುದು. ಅಗ್ಗವಾದ, ಒಯ್ಯಲು ಹಗುರವಾದ, ಬರೆದು ಅಳಿಸಿ ಮತ್ತೆ ಬರೆಯಬಹುದಾದ ಹಲಗೆ: ಆ ಹುಡುಗಿ ಕೇಳಿದ್ದೂ ಇದನ್ನೇ ಅಲ್ಲವೆ?

ಗಣಕಯಂತ್ರವನ್ನು ಇಂಥ ಹಲಗೆಯಾಗಿ ಕಲ್ಪಿಸಿಕೊಂಡವರಲ್ಲಿ ಮೊದಲು ನೆನೆಯಬೇಕಾದವರು ಅಮೆರಿಕದ ಆಲನ್ ಕೇ. 1968ರಲ್ಲಿ ಅವರು ಸೀಮೋರ್ ಪೇಪರ್ಟರನ್ನು ಕಂಡು, ಚಿಕ್ಕ ಮಕ್ಕಳು ‘ಲೋಗೊ’ ಎಂಬ ಭಾಷೆಯಲ್ಲಿ ತಾವೇ ಕ್ರಮವಿಧಿ ಬರೆಯುವುದನ್ನು ನೋಡಿ ಬೆರಗಾದರು. ಗಣಕಯಂತ್ರಗಳು ಕೋಣೆಯನ್ನೇ ತುಂಬುತ್ತಿದ್ದ ಕಾಲ ಅದು. 1972ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ‘ಡೈನಾಬುಕ್’ ಎಂಬ ಕಲ್ಪನೆಯ ಮೇಲೆ ಅವರೊಂದು ಲೇಖನ ಬರೆದರು. ನೋಟ್‌ಪುಸ್ತಕದ ಗಾತ್ರ, ಬೆಲೆ 500 ಡಾಲರು. ಕೀಲಿಮಣೆಯನ್ನು ತೆರೆಯ ಮೇಲೆಯೇ ಮೂಡಿಸಬಹುದೆಂಬ ಸೂಚನೆಯೂ ಅದರಲ್ಲಿತ್ತು. ಲೇಖನದ ಮೊದಲಲ್ಲಿ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕುಳಿತು ತಮ್ಮ ಹಲಗೆಗಳಲ್ಲಿ ಆಟವಾಡುತ್ತಾರೆ. ಆಟದ ನಿಯಮ ಸಾಲದೆನಿಸಿದಾಗ ಆಟವನ್ನೇ ತಿದ್ದಲು ಹೊರಡುತ್ತಾರೆ. ಆ ಯಂತ್ರ ಎಂದೂ ತಯಾರಾಗಲಿಲ್ಲ. ಆದರೆ ಮುಂದೆ ಬಂದ ಹಲಗೆಗಳನ್ನೆಲ್ಲ ತೂಗಿ ನೋಡಲು ಅದೊಂದು ತಕ್ಕಡಿಯಾಯಿತು.

ಕಲ್ಪನೆಗೆ ಮೊದಲ ರೂಪ ಬಂದದ್ದು ಬಹಳ ಸಣ್ಣದಾಗಿ. 1980ರಲ್ಲಿ ಜಪಾನಿನ ಶಾರ್ಪ್ ಸಂಸ್ಥೆ ಜೇಬಿನಲ್ಲಿಡಬಹುದಾದ ಪಿಸಿ-1211 ಎಂಬ ಯಂತ್ರವನ್ನು ಹೊರತಂದಿತು. ತೆರೆಯ ಮೇಲೆ ಒಂದೇ ಸಾಲು, ಸಾಲಿಗೆ 24 ಅಕ್ಷರ. ಆದರೂ ಬೇಸಿಕ್ ಭಾಷೆಯಲ್ಲಿ ಬರೆದುದನ್ನು ಅದು ನಡೆಸುತ್ತಿತ್ತು. 1983ರಲ್ಲಿ ಬಂದ ಟಿಆರ್‌ಎಸ್-80 ಮಾಡೆಲ್ 100 ಇನ್ನೂ ಮುಂದೆ ಹೋಯಿತು. ಅದನ್ನು ತಯಾರಿಸಿದವರು ಜಪಾನಿನ ಕ್ಯೋಸೆರಾ, ಮಾರಿದವರು ಅಮೆರಿಕದ ಟ್ಯಾಂಡಿ. 8 ಸಾಲಿನ ತೆರೆ, ಸಾಲಿಗೆ 40 ಅಕ್ಷರ, ಬೆರಳಿಗೆ ಒಗ್ಗುವ ಪೂರ್ಣ ಕೀಲಿಮಣೆ. ಸಾಮಾನ್ಯವಾದ ನಾಲ್ಕು ಬ್ಯಾಟರಿ ಸೆಲ್ಲುಗಳಿಂದ ಸುಮಾರು 20 ಗಂಟೆ ಕೆಲಸ ನಡೆಯುತ್ತಿತ್ತು. ಗುಂಡಿ ಒತ್ತಿದೊಡನೆ ಬೇಸಿಕ್ ಸಿದ್ಧ. ಊರೂರು ಅಲೆಯುವ ಪತ್ರಿಕಾ ವರದಿಗಾರರು ಅದನ್ನು ಬಹಳ ಮೆಚ್ಚಿದರು. ಬೆಲೆ ಮಾತ್ರ 799 ಡಾಲರಿಂದ ಮೇಲಕ್ಕೆ.

ಬಡವನ ಕೈಗೆಟುಕುವ ಹಲಗೆಯ ಯೋಚನೆ ಮೊಳೆತದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಕಟ್ಟಿದರು. ಅಂಗೈಯಗಲದ ಯಂತ್ರ, ಕಡ್ಡಿಯಿಂದ ಮುಟ್ಟಿ ನಡೆಸಬೇಕು, ಒಳಗಿದ್ದದ್ದು ಯಾರೂ ತೆರೆದು ನೋಡಬಹುದಾದ ಲಿನಕ್ಸ್ ವ್ಯವಸ್ಥೆ. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಂಡು ಬಳಸಲೆಂದು ಬಳಕೆದಾರನಿಗೊಂದು ಸ್ಮಾರ್ಟ್ ಕಾರ್ಡಿನ ಏರ್ಪಾಡಿತ್ತು. ಓದು ಬಾರದವರಿಗಾಗಿ ಬರೆಹವನ್ನು ಕನ್ನಡದಲ್ಲಿ ಉಚ್ಚರಿಸುವ ‘ಧ್ವನಿ’ ಎಂಬ ಕ್ರಮವಿಧಿಯೂ ಈ ಯತ್ನದಿಂದಲೇ ಹುಟ್ಟಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂದಿತು. ಆರಂಭದ ಬೆಲೆ ಸುಮಾರು 10 ಸಾವಿರ ರೂಪಾಯಿ. ಎಣಿಸಿದಷ್ಟು ಮಾರಾಟವಾಗಲಿಲ್ಲ. ಹಳ್ಳಿಯವನಿಗೆ ಆ ಬೆಲೆ ಹೆಚ್ಚು. ಪಟ್ಟಣದವನ ಕೈಗೆ ಆಗಲೇ ಮೊಬೈಲು ಬರುತ್ತಿತ್ತು.

ಇತ್ತ 2005ರಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ, ಮಗುವಿಗೊಂದು ಲ್ಯಾಪ್‌ಟಾಪ್, ಬೆಲೆ 100 ಡಾಲರು ಎಂದು ಸಾರಿದರು. 2007ರಲ್ಲಿ ತಯಾರಾದಾಗ ಬೆಲೆ 188 ಡಾಲರಿಗೆ ಏರಿತ್ತು. ಉರುಗ್ವೆ ದೇಶ ತನ್ನ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಅದನ್ನು ಹಂಚಿತು. ಬಿಸಿಲಿನಲ್ಲಿಯೂ ಓದಬಹುದಾದ ಅದರ ತೆರೆಯನ್ನು ತಿರುಗಿಸಿ ಮಡಿಸಿದರೆ ಹಲಗೆಯೇ ಆಗುತ್ತಿತ್ತು. ನನ್ನ ಮನಸ್ಸನ್ನು ಸೆಳೆದದ್ದು ಅದರ ಕೀಲಿಮಣೆಯ ಒಂದು ಗುಂಡಿ: ಅದನ್ನು ಒತ್ತಿದರೆ, ಎದುರಿಗಿರುವ ಕ್ರಮವಿಧಿಯನ್ನು ಯಾರೋ ಹೇಗೆ ಬರೆದರೆಂಬ ಮೂಲ ಬರೆಹ ಕಾಣಬೇಕೆಂಬುದು ತಯಾರಕರ ಉದ್ದೇಶ. ಕಾವ್ಯವನ್ನು ಓದುತ್ತಿರುವವನಿಗೆ ಕವಿಯ ಕರಡುಪ್ರತಿಯನ್ನು ತೋರಿಸಿದಂತೆ.

2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದಿತು. ನೋಡಲು ಅದು ಆಲನ್ ಕೇ ಅವರ ಕನಸಿನಂತೆಯೇ ಇತ್ತು. ಆದರೆ ಕ್ರಮವಿಧಿಯ ಬರೆಹವನ್ನು ಹೊರಗಿನಿಂದ ತಂದು ಅದರಲ್ಲಿ ನಡೆಸಕೂಡದೆಂಬ ನಿಯಮವಿತ್ತು. ಆ ವರ್ಷದ ಏಪ್ರಿಲಿನಲ್ಲಿ, ಮಕ್ಕಳು ‘ಸ್ಕ್ರ್ಯಾಚ್’ ಭಾಷೆಯಲ್ಲಿ ಮಾಡಿದ ಆಟಗಳನ್ನು ತೋರಿಸುತ್ತಿದ್ದ ಒಂದು ತಂತ್ರಾಂಶವನ್ನು ಸಂಸ್ಥೆಯ ಅಂಗಡಿಯಿಂದ ತೆಗೆದುಹಾಕಲಾಯಿತು. ಹಲಗೆ ಚೆಲುವಾಗಿತ್ತು, ಬಳಪಕ್ಕೆ ಮಾತ್ರ ಅಪ್ಪಣೆಯಿರಲಿಲ್ಲ. ಕಾಲಕ್ರಮದಲ್ಲಿ ನಿಯಮ ಸಡಿಲಿತು. 2016ರಲ್ಲಿ ಅದೇ ಸಂಸ್ಥೆ ಮಕ್ಕಳಿಗೆ ಕೋಡಿಂಗ್ ಕಲಿಸುವ ‘ಸ್ವಿಫ್ಟ್ ಪ್ಲೇಗ್ರೌಂಡ್ಸ್’ ಅನ್ನು ತಾನೇ ಹೊರತಂದಿತು.

ನಮ್ಮ ದೇಶದ ‘ಆಕಾಶ್’ ಹಲಗೆಯ ಕಥೆ ಬೇರೊಂದು ಪಾಠ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಸಚಿವ ಕಪಿಲ್ ಸಿಬಲ್ ಅದನ್ನು ಬಿಡುಗಡೆ ಮಾಡಿದರು. ಜಗತ್ತಿನಲ್ಲೇ ಅತಿ ಅಗ್ಗವಾದ ಹಲಗೆಯೆಂಬ ಹೆಸರು ಬಂದಿತು. ಆದರೆ 256 ಮೆಗಾಬೈಟಿನ ಸ್ಮೃತಿ, ಅದುಮಿದರಷ್ಟೇ ಅರಿಯುವ ತೆರೆ, ನಿಧಾನವಾದ ನಡೆ. ಕೈಗೆ ಬಂದವರಲ್ಲಿ ಹಲವರು ಬೇಸರಪಟ್ಟರು. ಮರುವರ್ಷ ನವೆಂಬರಿನಲ್ಲಿ ಬಂದ ಆಕಾಶ್-2ರಲ್ಲಿ ಸ್ಮೃತಿ ಇಮ್ಮಡಿಯಾಯಿತು, ತೆರೆ ಸುಧಾರಿಸಿತು. ಅದಕ್ಕಿಂತ ಮುಖ್ಯವಾಗಿ, ಮುಂಬಯಿಯ ಐಐಟಿಯವರು ಅದರ ಮೇಲೆಯೇ ಸಿ, ಪೈಥಾನ್ ಮುಂತಾದ ಭಾಷೆಗಳಲ್ಲಿ ಬರೆಯುವ ಅನುಕೂಲ ಕಲ್ಪಿಸಿದರು. ಬೆಲೆ ಇಳಿದ ಮಾತ್ರಕ್ಕೆ ಹಲಗೆ ವಿದ್ಯಾರ್ಥಿಯದಾಗುವುದಿಲ್ಲ. ಅದರ ಮೇಲೆ ಬರೆಯಲು ಬಂದಾಗ ಅವನದಾಗುತ್ತದೆ.

ವಾರ ಕಳೆದು ಹುಡುಗಿ ಬಂದಾಗ ಈ ಕಥೆಯನ್ನೆಲ್ಲ ಹೇಳಿ ನಾಲ್ಕು ಪ್ರಶ್ನೆಗಳನ್ನು ಕೊಟ್ಟೆ. ಇಂಟರ್ನೆಟ್ಟಿಲ್ಲದ ಕಡೆಯೂ ನೀನು ಬರೆದದ್ದು ಅದರ ಮೇಲೆ ನಡೆಯುವುದೆ? ದಾರಿಯಲ್ಲಿ ಸಿಗ್ನಲ್ ಸಿಗದ ಜಾಗವೇ ಹೆಚ್ಚು. ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಬಹುದೆ? ತೆರೆಯ ಮೇಲಿನ ಕೀಲಿಮಣೆ ಅರ್ಧ ಪುಟವನ್ನು ನುಂಗುತ್ತದೆ. ಸ್ಮೃತಿ 4 ಗಿಗಾಬೈಟಿಗೆ ಕಡಮೆಯಿಲ್ಲವಷ್ಟೆ? ಬ್ಯಾಟರಿ ಹೋಗಿ ಬರುವ ಹೊತ್ತಿಗೆ ಸಾಲುವುದೆ? ಹೊಳಪು, ಕ್ಯಾಮರಾ ಇವುಗಳ ಮಾತನ್ನು ಅಂಗಡಿಯವನಿಗೇ ಬಿಡು ಎಂದೆ. ಆಂಡ್ರಾಯ್ಡ್ ಹಲಗೆಗಳಲ್ಲಿ ಲಿನಕ್ಸಿನ ಆಜ್ಞೆಗಳನ್ನು ನಡೆಸುವ ‘ಟರ್ಮಕ್ಸ್’, ಪೈಥಾನಿಗೆ ‘ಪೈಡ್ರಾಯ್ಡ್’ ಮೊದಲಾದುವು ಇರುವ ಸಂಗತಿಯನ್ನು ಅವಳೇ ನನಗೆ ತಿಳಿಸಿದಳು. ಕೊನೆಗೆ ಯಾರೋ ಒಂದು ವರ್ಷ ಬಳಸಿದ್ದ ಹತ್ತು ಅಂಗುಲದ ಹಲಗೆಯನ್ನೂ ಸಣ್ಣದೊಂದು ಕೀಲಿಮಣೆಯನ್ನೂ ಕೊಂಡಳು. ಕೈಯಲ್ಲಿ ಮುನ್ನೂರು ರೂಪಾಯಿ ಉಳಿಯಿತು.

ದಸರೆಯ ಹೊತ್ತಿಗೆ ಮತ್ತೆ ಬಂದಳು. ಭಾಮಿನಿ ಷಟ್ಪದಿಯ ಸಾಲುಗಳನ್ನು ಕೊಟ್ಟರೆ ಮಾತ್ರೆ ಎಣಿಸುವ ಕ್ರಮವಿಧಿಯೊಂದನ್ನು ಬಸ್ಸಿನಲ್ಲಿ ಬರೆದಿದ್ದಳು. ಮೊದಲ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23: ಸರಿಯಾಗಿಯೇ ಎಣಿಸಿತು. ಒತ್ತಕ್ಷರದ ಹಿಂದಿನದು ಗುರುವೆಂಬ ನಿಯಮವನ್ನು ಯಂತ್ರ ಚೆನ್ನಾಗಿ ಕಲಿತಿತ್ತು. ನಾನು ಸುಮ್ಮನಿರದೆ ಶಿಥಿಲದ್ವಿತ್ವವಿರುವ ಹಳಗನ್ನಡದ ಸಾಲೊಂದನ್ನು ಕೊಟ್ಟೆ. ಅಲ್ಲಿ ಒತ್ತನ್ನು ತೇಲಿಸಿ ನುಡಿಯುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬೇಕು. ಯಂತ್ರ ತಪ್ಪು ಎಣಿಸಿತು. ಹುಡುಗಿ ಒಂದು ಗಳಿಗೆ ತೆರೆಯನ್ನೇ ನೋಡಿದಳು. “ನಾಳೆ ಬಸ್ಸಿನಲ್ಲಿ ತಿದ್ದುತ್ತೇನೆ, ಸಾರ್” ಎಂದು ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.